ಐದನೆಯ ಡಬ್ಬಿ

ಹನ್ನೊಂದು ಗಂಟೆಯ ಹೊತ್ತಿಗೆ ನಾಲ್ಕು ಡಬ್ಬಿಗಳು ತುಂಬಿ ಐಸಿನ ಪೆಟ್ಟಿಗೆ ಸೇರಿದ್ದವು. ಐದನೆಯದು ಮಾತ್ರ ರಾಜಶ್ರೀಯ ತೊಡೆಯ ಮೇಲೆ ಖಾಲಿ ಉಳಿದಿತ್ತು. ಬೆಳಿಗ್ಗೆ ಅವಳೇ ಬರೆದು ಅಂಟಿಸಿದ ಚೀಟಿಯಲ್ಲಿ ನಿಂಗರಾಜ, ಮೂರು ವರ್ಷ, ತಂದೆ ಮರೆಪ್ಪ ಎಂದಿತ್ತು. ಚೀಟಿಯ ನಿಂಗರಾಜ ಹತ್ತು ಮಾರು ದೂರದಲ್ಲಿ, ಮರಳಿನ ಗುಡ್ಡೆಯ ತಂಪು ಬದಿಯಲ್ಲಿ, ಬರಿಯ ಅಂಗಿ ತೊಟ್ಟು ಕೂತು, ಒಡೆದ ಟೈಲ್ಸಿನ ಚೂರಿನಿಂದ ಮರಳು ಕೊರೆಯುತ್ತಿದ್ದ. ಅವನಿಗೆ ಯಾವ ಆತುರವೂ ಇದ್ದಂತಿರಲಿಲ್ಲ. ಬೆಳಿಗ್ಗೆ ಎಂಟರಿಂದ ಅವಳು ಕಾಯುತ್ತಿದ್ದಳು. ಬಾಳೆಹಣ್ಣು ಕೊಟ್ಟಾಯಿತು, ಬಿಸಿನೀರು ಕುಡಿಸಿಯಾಯಿತು, ಅಜ್ಜಿ ದುಂಡವ್ವ ಅವನನ್ನು ಎರಡು ಸಲ ಹಳೆಯ ಪೇಪರಿನ ಮೇಲೆ ಕೂರಿಸಿ ಪುಸಲಾಯಿಸಿಯಾಯಿತು. ಅವನು ಕೂತ, ಆಕಾಶ ನೋಡಿದ, ಎದ್ದು ಹೋದ. ಆರೋಗ್ಯ ಕೇಂದ್ರದ ಸಿಸ್ಟರ್ ಒಬ್ಬಳು ನೀಲಿ ಅಂಚಿನ ಸೀರೆಯುಟ್ಟು, ಒಂದು ಮಗುವಿನ ಹೊಟ್ಟೆ ಯಾವಾಗ ಮನಸ್ಸು ಮಾಡುತ್ತದೋ ಎಂದು ಸಿಮೆಂಟ್ ಇಟ್ಟಿಗೆಯ ಮೇಲೆ ಕೂತು ಕಾಯುವುದು ನೋಡಿದವರಿಗೆ ನಗು ತರಿಸುವಂಥದೇ. ಮೇಲಿನ ಅಂತಸ್ತಿನಿಂದ ಕಂಬಿ ಕಟ್ಟುವವರು ಆಗಾಗ ಇಣುಕುತ್ತಿದ್ದರು. ಅವಳು ಅದನ್ನು ಕಾಣದವಳಂತೆ ಇದ್ದಳು.

ಬಿಟಿಎಂ ಎರಡನೇ ಹಂತದಲ್ಲಿ, ಮಡಿವಾಳ ಕೆರೆಯ ಕಡೆಗೆ ಇಳಿಯುವ ರಸ್ತೆಯಲ್ಲಿ, ಏಳು ಅಂತಸ್ತಿನ ಅಪಾರ್ಟ್‌ಮೆಂಟ್ ಏಳುತ್ತಿತ್ತು. ಅದರ ಹಿಂದೆ ತಗಡಿನ ಶೆಡ್ಡುಗಳು, ಸುಮಾರು ನಲವತ್ತು. ಒಂದು ಸಾಲಿನಲ್ಲಿ ರಾಯಚೂರು ಕಡೆಯವರು, ಎದುರು ಸಾಲಿನಲ್ಲಿ ಬಿಹಾರದಿಂದ ಬಂದವರು. ಎರಡೂ ಸಾಲಿನ ಮಕ್ಕಳು ನಡುವಿನ ಒಂದೇ ಕೊಳಾಯಿಯ ಕೆಸರಿನಲ್ಲಿ ಆಡುತ್ತಿದ್ದರು. ಹನ್ನೆರಡು ದಿನದ ಹಿಂದೆ ಎದುರು ಸಾಲಿನ ಒಂದು ಮಗು ಬೆಳಿಗ್ಗೆ ಎದ್ದು ನಿಲ್ಲಲು ಹೋಗಿ ಕುಸಿಯಿತು. ಎಡಗಾಲು ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಆ ಮಗುವಿನ ಜೊತೆ ಆಡುತ್ತಿದ್ದ ಐವರ ಮಲವನ್ನು ಪರೀಕ್ಷೆಗೆ ಕಳಿಸಬೇಕೆಂದು ಡಾಕ್ಟರ್ ಶಿವಕಿರಣ್ ಹೇಳಿದ್ದರು. ಕೇಂದ್ರದಲ್ಲಿ ಎಲ್ಲರಿಗಿಂತ ಚಿಕ್ಕವರು ಅವರೇ. ಮಾತನಾಡುವಾಗ ಪೆನ್ನಿನ ಕ್ಯಾಪನ್ನು ತೆಗೆದು ಹಾಕಿ ಮಾಡುತ್ತಿರುತ್ತಿದ್ದರು. "ಆ ಮಗು ಊರಿಂದ ಬಂದು ಒಂದು ತಿಂಗಳಾಗಿದೆ ಸಿಸ್ಟರ್. ಜೊತೇಲಿ ಪೋಲಿಯೊ ವೈರಸ್ ಬಂದಿದ್ರೆ ಬೇರೆ ಮಕ್ಕಳ ಹೊಟ್ಟೇಲೂ ಇರುತ್ತೆ. ಚೆನ್ನಾಗಿ ಊಟ ಮಾಡ್ಕೊಂಡು ಆಡ್ಕೊಂಡಿರ್ತಾರೆ, ಗೊತ್ತೇ ಆಗಲ್ಲ," ಎಂದಿದ್ದರು. ಗೊತ್ತೇ ಆಗಲ್ಲ ಎಂಬ ಮಾತು ಅವಳ ಕಿವಿಯಲ್ಲಿ ಉಳಿಯಿತು. ಎರಡು ಹಗಲು ಎರಡು ರಾತ್ರಿ ರೈಲಿನ ಜನರಲ್ ಬೋಗಿಯಲ್ಲಿ, ನಿದ್ದೆ ಹೋದ ಮಗುವಿನೊಳಗೆ ಕೂತು, ಟಿಕೆಟ್ಟಿಲ್ಲದೆ, ಯಾರ ಕಣ್ಣಿಗೂ ಬೀಳದೆ ಅದು ಬಂದಿಳಿದಿತ್ತು. ಮಗು ನೀರು ಕುಡಿದರೆ ತಾನೂ ಕುಡಿದು, ಮಗು ನಕ್ಕರೆ ಅಲ್ಲಾಡಿ. ಹನ್ನೊಂದು ವರ್ಷದ ಹಿಂದೆ ತಾನೂ ಮಸ್ಕಿಯಿಂದ ಹೀಗೇ ಬಂದಿಳಿದಿದ್ದಳಲ್ಲ, ತೊಡೆಯ ಮೇಲೆ ಟ್ರಂಕು ಇಟ್ಟುಕೊಂಡು, ಕೆಂಪು ಬಸ್ಸಿನ ಕಿಟಕಿಗೆ ತಲೆ ಕೊಟ್ಟು. ತನ್ನಲ್ಲಿ ಏನಿದೆ ಎಂದು ಯಾರೂ ತಪಾಸಣೆ ಮಾಡಲಿಲ್ಲ. ಬಾಯಿ ತೆರೆದಾಗ ಮಾತ್ರ ನಕ್ಕರು. ಟ್ರೈನಿಂಗಿನ ಹುಡುಗಿಯರು ಅವಳಿಂದ 'ಹೌದಲ್ರೀ' ಅನ್ನಿಸಿ ನಕ್ಕು ನಕ್ಕು ಸುಸ್ತಾಗುತ್ತಿದ್ದರು. ಒಂದು ವರ್ಷದೊಳಗೆ ಅವಳು ಬರ್ತೀನಿ, ಮಾಡ್ತೀನಿ, ಆಯ್ತು ಮೇಡಂ ಎಂದು ಕಲಿತಳು. ಈ ಶೆಡ್ಡುಗಳಲ್ಲಿ ಅವಳ ಊರಿನ ಮಾತೇ ಕೇಳಿಸುತ್ತಿತ್ತು. ಅವಳು ಮಾತ್ರ ಬೆಂಗಳೂರಿನ ಮಾತಿನಲ್ಲೇ ಉತ್ತರಿಸುತ್ತಿದ್ದಳು.

"ಅವನ ಹೊಟ್ಟಿ ಅವನ ಮಾತಷ್ಟ ಕೇಳತೈತಿ ಅಕ್ಕಾರ, ನಮ್ಮ ಮಾತು ಕೇಳಂಗಿಲ್ಲ," ಎಂದು ದುಂಡವ್ವ ಶೆಡ್ಡಿನ ಬಾಗಿಲಲ್ಲಿ ಕೂತು ಅಕ್ಕಿಯ ಕಲ್ಲು ಆರಿಸುತ್ತ ಹೇಳಿದಳು. ನಂತರ ಕೈ ನಿಲ್ಲಿಸಿ ರಾಜಶ್ರೀಯ ಮುಖವನ್ನೇ ನೋಡಿದಳು. "ನೀವ ಅಲ್ಲೇನ್ರಿ ಸಂಕ್ರಮಣ ಆದಮ್ಯಾಲೆ ಹನಿ ಹಾಕಾಕ ಬಂದವರು? ನಾ ಮೂಲ್ಯಾಗ ಒಲಿ ಮುಂದ ಕುಂತಿದ್ದೆ. ಮಗ ಮಲಗಿತ್ತು, ನೀವು ಎಬ್ಬಸಲಿಲ್ಲ. ಉಳದವರು ಬಂದ್ರ ಬಡದು ಎಬ್ಬಸ್ತಾರ. ನಿಮ್ಮ ಕೈ ಮೆತ್ತಗೈತಿ ಅಂತ ಈ ಸಾಲಿನ ಮಂದಿಗೆಲ್ಲಾ ಹೇಳೀನಿ ನಾನು."

ರಾಜಶ್ರೀ ಕೈಯಲ್ಲಿದ್ದ ಡಬ್ಬಿಯ ಮುಚ್ಚಳವನ್ನು ಬಿಗಿ ಮಾಡಿದಳು, ಸಡಿಲಿಸಿದಳು. ಬಯ್ದಿದ್ದರೆ ಕೇಳಿಸಿಕೊಂಡು ಸುಮ್ಮನಿರಬಹುದಿತ್ತು. ಈ ಹೊಗಳಿಕೆಯನ್ನು ಎಲ್ಲಿ ಇಟ್ಟುಕೊಳ್ಳಬೇಕು ಎಂದು ತಿಳಿಯಲಿಲ್ಲ. ಜನವರಿಯ ಆ ಮಂಗಳವಾರ ಪೋಲಿಯೊ ಹನಿ ಹಾಕಲು ಮನೆಮನೆ ಸುತ್ತುವ ಎರಡನೇ ದಿನ. ಹನಿ ಬಿದ್ದ ಮಗುವಿನ ಕಿರುಬೆರಳಿಗೆ ಗುರುತಿನ ಶಾಯಿ ಹಚ್ಚಬೇಕು, ಮಕ್ಕಳಿಗೆಲ್ಲ ಹನಿ ಬಿದ್ದ ಮನೆಯ ಬಾಗಿಲಿಗೆ ಸೀಮೆಸುಣ್ಣದಲ್ಲಿ ಪಿ ಎಂದು ಬರೆಯಬೇಕು, ಒಂದು ಮಗು ತಪ್ಪಿದರೂ ಎಕ್ಸ್. ಎಕ್ಸ್ ಬಿದ್ದ ಮನೆಗೆ ಮರುದಿನ ಮತ್ತೆ ಹೋಗಬೇಕು. ಹೋಗುವುದು ಕಷ್ಟವಲ್ಲ. ಸಂಜೆಯ ಮೀಟಿಂಗಿನಲ್ಲಿ ಹಿರಿಯ ಇನ್ಸ್‌ಪೆಕ್ಟರ್ ಕರಿಬಸವಯ್ಯ ಎಲ್ಲರೆದುರು ಎಕ್ಸುಗಳ ಪಟ್ಟಿ ಓದುತ್ತಿದ್ದರು, ಮೂಗಿನ ತುದಿಯಲ್ಲಿ ಕನ್ನಡಕ ಇಟ್ಟುಕೊಂಡು. ಸೋಮವಾರ ಅವಳದು ಒಂಬತ್ತಿತ್ತು. "ಏನ್ರೀ ರಾಜಶ್ರೀ, ನಿಮ್ ಏರಿಯಾ ಮಕ್ಕಳಿಗೆ ಮಾತ್ರ ರೆಕ್ಕೆ ಬಂದಿದ್ಯಾ? ಹೌದಲ್ರೀ?" ಎಂದು ಕೊನೆಯದನ್ನು ಅವಳ ಊರಿನ ರಾಗದಲ್ಲಿ ಎಳೆದಿದ್ದರು. ಹನ್ನೊಂದು ವರ್ಷದಲ್ಲಿ ಮರೆತುಹೋಗಿದೆ ಎಂದುಕೊಂಡದ್ದು ಎಲ್ಲರಿಗೂ ನೆನಪಿತ್ತು. ಎಲ್ಲರೂ ನಕ್ಕಾಗ ಅವಳೂ ನಕ್ಕಿದ್ದಳು. ಆ ನಗು ಬಸ್ಸಿನಲ್ಲಿ ಸಿದ್ದಾಪುರದ ಕೋಣೆಯವರೆಗೂ ಮುಖಕ್ಕೆ ಅಂಟಿಕೊಂಡೇ ಬಂದಿತ್ತು.

ಮರುದಿನ ಮಧ್ಯಾಹ್ನ ಈ ತಗಡಿನ ಬಾಗಿಲಿಗೆ ಬಂದಾಗ ಮುರಿಗೆವ್ವ, ದುಂಡವ್ವನ ಸೊಸೆ, ಅಡ್ಡ ನಿಂತಿದ್ದಳು. ಹಿಂದೆ ಚಾಪೆಯ ಮೇಲೆ ಮಗು. "ರಾತ್ರಿಯೆಲ್ಲಾ ಅತ್ತಾನ್ರಿ, ಈಗರ ಕಣ್ಣು ಮುಚ್ಯಾನ. ನಾಳಿಗೆ ಬರ್ರಿ," ಎಂದಳು. ತಗಡಿನ ತೂತಿನಿಂದ ಬಿದ್ದ ಬಿಸಿಲಿನ ಒಂದು ರೂಪಾಯಿಯಗಲದ ಚುಕ್ಕೆ ಮಗುವಿನ ಕೆನ್ನೆಯ ಮೇಲೆ ಅಲುಗಾಡುತ್ತಿತ್ತು. ರೆಪ್ಪೆಗಳು ಸಣ್ಣಗೆ ಅದುರುತ್ತಿದ್ದವು; ಕನಸು ಕಾಣುತ್ತಿದೆ ಎಂದುಕೊಂಡಳು. ಹನಿಯ ಬಾಟಲಿ ಕೈಯಲ್ಲೇ ಇತ್ತು. ಮೊಣಕಾಲೂರಿ ಕೂತು, ಮಗುವಿನ ಎಡಗೈಯ ಕಿರುಬೆರಳನ್ನು ಹಿಡಿದು, ಉಗುರಿನ ಬುಡಕ್ಕೆ ಶಾಯಿ ಹಚ್ಚಿದಳು. ಹನಿ ಹಾಕಲಿಲ್ಲ. ಎದ್ದು ಹೊರಬಂದು ಬಾಗಿಲಿಗೆ ಪಿ ಎಂದು ಬರೆದಳು. ಎಲ್ಲ ಸೇರಿ ಅರ್ಧ ನಿಮಿಷ. ಮಗುವಿನ ನಿದ್ದೆಗೆ ಕರುಣೆಪಟ್ಟು ಹಾಗೆ ಮಾಡಿದಳೋ, ಹತ್ತನೆಯ ಎಕ್ಸಿಗೆ ಹೆದರಿಯೋ? ಎರಡು ತಿಂಗಳಿಂದ ಈ ಪ್ರಶ್ನೆಯನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದಳು. ಕೆಲವು ದಿನ ಕರುಣೆಯೇ ಅನ್ನಿಸುತ್ತಿತ್ತು. ಆ ದಿನಗಳಲ್ಲಿ ಊಟ ರುಚಿಸುತ್ತಿತ್ತು. ಇದೇ ಶೆಡ್ಡುಗಳಲ್ಲಿ ಒಂದು ಮಗುವಿಗೆ ಕಾಲು ಬಿದ್ದಿದೆ ಎಂಬ ಸುದ್ದಿ ಬಂದಾಗ ಅವಳು ಮೊದಲು ಕೇಳಿದ್ದು ಯಾವ ಸಾಲು ಎಂದು. ಎದುರು ಸಾಲು ಎಂದಾಗ ಮೈಯೆಲ್ಲ ಹಗುರಾಯಿತು. ಆಸ್ಪತ್ರೆಯ ವರಾಂಡದಲ್ಲಿ ಆ ಮಗುವಿನ ತಾಯಿ ಭಾಷೆ ತಿಳಿಯದೆ ಕಂಡಕಂಡವರ ಬಾಯನ್ನು ನೋಡುತ್ತ ನಿಂತದ್ದನ್ನು ಕಂಡ ಮೇಲೆ, ಆ ಹಗುರವಾದದ್ದು ನೆನಪಾಗಿ ಬಚ್ಚಲಿಗೆ ಹೋಗಿ ಬಹಳ ಹೊತ್ತು ಕೈ ತೊಳೆದುಕೊಂಡಳು.

ಫಾರಂ ತುಂಬಬೇಕಿತ್ತು. "ಎಷ್ಟು ಸಲ ಹನಿ ಹಾಕ್ಸಿದ್ದೀರಾ ಅಜ್ಜಿ?" ಎಂದು ಕೇಳಿದಳು. ದುಂಡವ್ವ ಬೆರಳು ಮಡಿಸಿದಳು. "ಊರಾಗ ಎರಡು, ದೀಪಾವಳಿ ಮುಂದ ಇಲ್ಲೊಂದು, ನೀವು ಹಾಕಿದ್ದೊಂದು. ನಾಕು." ನಾಲ್ಕು ಎನ್ನುವಾಗ ಅವಳ ಮುಖದಲ್ಲಿ ಹೆಮ್ಮೆಯಿತ್ತು. ಖಾಲಿ ಚೌಕದ ಮೇಲೆ ಪೆನ್ನಿಟ್ಟು ರಾಜಶ್ರೀ ಬರೆಯಲಿಲ್ಲ. ಬಿಸಿಲು ನೆತ್ತಿಗೆ ಬಂದಿತ್ತು. ಮೇಲೆಲ್ಲೋ ಕಾಂಕ್ರೀಟು ಕಲೆಸುವ ಯಂತ್ರ ಒಂದೇ ಸಮನೆ ಗುಂಯ್ಗುಡುತ್ತಿತ್ತು. ಆ ಸದ್ದು ನಿಧಾನವಾಗಿ ರೈಲಿನ ಸದ್ದಾಯಿತು. ಬೋಗಿಯ ತುಂಬ ಮಕ್ಕಳು ಸಾಲಾಗಿ ಕೂತಿದ್ದರು, ಎಲ್ಲರೂ ಅಂಗಿ ಮಾತ್ರ ತೊಟ್ಟು, ಯಾರೂ ಅಳದೆ. ಕಿಟಕಿಯ ಹೊರಗೆ ಮಸ್ಕಿಯ ಗುಡ್ಡ ಕಾಣಿಸಿತು, ಅದರ ಹಿಂದೆಯೇ ಬೆಂಗಳೂರಿನ ಹನುಮಂತನಗರದ ಗುಡ್ಡ, ಅದರ ಮೆಟ್ಟಿಲುಗಳು ನೇರ ಹಳಿಯವರೆಗೆ ಇಳಿದು ಬಂದಿದ್ದವು. ಕಪ್ಪು ಕೋಟಿನವನೊಬ್ಬ ಒಂದೊಂದೇ ಮಗುವಿನ ಬಾಯಿ ತೆರೆಸಿ ನೋಡುತ್ತ ಅವಳ ಬಳಿಗೆ ಬಂದು, ನಿಮ್ಮದೂ ತೆಗೀರಿ ಎಂದ. ಅವಳು ತೆರೆಯಲಿಲ್ಲ. ತೆರೆದರೆ ಏನು ಬೀಳುತ್ತದೋ ಅವಳಿಗೇ ಗೊತ್ತಿರಲಿಲ್ಲ.

ಎಚ್ಚರವಾದಾಗ ಮುಖದ ಮೇಲೆ ನೆರಳಿತ್ತು. ದುಂಡವ್ವ ಎರಡು ಕೋಲು ನೆಟ್ಟು ಗೋಣಿಚೀಲ ಕಟ್ಟಿದ್ದಳು. ಪಕ್ಕದಲ್ಲಿ ಮುರಿಗೆವ್ವ ಮಧ್ಯಾಹ್ನದ ಬಿಡುವಿಗೆ ಇಳಿದು ಬಂದು, ಮೊಣಕೈವರೆಗೆ ಮೆತ್ತಿದ ಸಿಮೆಂಟನ್ನು ತೊಳೆದುಕೊಂಡು, ರೊಟ್ಟಿ ಮುರಿಯುತ್ತಿದ್ದಳು. ಇಪ್ಪತ್ತೈದು ವರ್ಷವೂ ಆಗಿರಲಾರದು. ಹುಬ್ಬಿನ ಮೇಲೆಲ್ಲ ಬೂದಿಬಣ್ಣದ ಧೂಳಿತ್ತು. "ನಿದ್ದಿ ಹತ್ತಿತ್ತು ನಿಮಗ, ಅದಕ್ಕ ಮಾತಾಡ್ಸಲಿಲ್ಲ," ಎಂದಳು. ರಾಜಶ್ರೀ ಎದ್ದು ಸೆರಗು ಸರಿಮಾಡಿಕೊಂಡಳು. ಈ ಹೆಂಗಸರು ತನ್ನ ನಿದ್ದೆಯನ್ನು ಕಾದಿದ್ದರು ಎಂಬುದು ಅವಳನ್ನು ಎಲ್ಲಿಯೋ ಸಡಿಲಿಸಿಬಿಟ್ಟಿತು. "ಮುರಿಗೆವ್ವ, ನಿನಗೊಂದು ವಿಷಯ ಹೇಳ್ಬೇಕು," ಎಂದು ಶುರುಮಾಡಿದಳು. ಮುಂದಿನದು ಆ ಭಾಷೆಯಲ್ಲಿ ಬರಲಿಲ್ಲ. "ಅವತ್ತ ನಾ ಹನಿ ಹಾಕ್ಲಿಲ್ಲ ತಂಗಿ. ಬರೇ ಶಾಯಿ ಹಚ್ಚಿ ಹೋದೆ. ಬಾಗಲಕ ಪಿ ಬರದೆ. ಅದು ಸುಳ್ಳು."

ಹೇಳಿಯಾದ ಮೇಲೆ ತನ್ನ ದನಿ ತನಗೇ ಕೇಳಿಸಿತು, ಹನ್ನೊಂದು ವರ್ಷ ಹಳೆಯದು. ದುಂಡವ್ವ ಮೊರ ಕೆಳಗಿಟ್ಟಳು. ಮುರಿಗೆವ್ವ ರೊಟ್ಟಿಯನ್ನು ಇನ್ನೂ ಸಣ್ಣಗೆ ಮುರಿದಳು, ತಿನ್ನಲಿಲ್ಲ.

"ನನಗ ಗೊತ್ತೈತ್ರಿ," ಎಂದಳು.

"ಹೆಂಗ?"

"ಅವ ಮಲಗಿದ್ದಿಲ್ಲ. ನೀವು ಬರೂದು ನೋಡಿ ಕಣ್ಣು ಮುಚ್ಚಪಾ ಅಂತ ಕಿವ್ಯಾಗ ಅಂದೆ, ಮುಚ್ಚಿದ. ಬೆರಳು ಹಿಡದಾಗ ನಗು ತಡಕೊಂಡು ಬಿದ್ದಿದ್ದ. ನೀವು ಶಾಯಿ ಹಚ್ಚಿ ಎದ್ದು ಹೋದಾಗ ನನಗ ಜೀವ ಬಂತು. ಆಮ್ಯಾಲೆ ಎದುರು ಸಾಲಿನ ಕೂಸಿಗೆ ಹಂಗಾತು ಅಂತ ಕೇಳಿದ ದಿನದಿಂದ ರಾತ್ರಿಯೆಲ್ಲಾ ಇವನ ಕಾಲು ಮುಟ್ಟಿ ಮುಟ್ಟಿ ನೋಡತೀನಿ."

ಯಾಕೆ ಎಂಬುದನ್ನು ಮುರಿಗೆವ್ವ ತಾನಾಗಿಯೇ, ಅತ್ತೆಯ ಕಡೆ ನೋಡದೆ, ಮರಳಿನ ಗುಡ್ಡೆಯ ಕಡೆ ನೋಡುತ್ತ ಹೇಳಿದಳು. "ಇವನ್ಕಿಂತ ಮೊದಲ ಭಾಗ್ಯಜ್ಯೋತಿ ಅಂತ ಹುಡುಗಿ ಇದ್ಲು. ಹನಿ ಹಾಕ್ಸಿದ ಎಂಟು ದಿನಕ್ಕ ಜ್ವರ ಬಂತು, ಹೋದ್ಲು. ಅದು ನೀರಿನ ಜ್ವರ ಅಂದ್ರು ಡಾಕ್ಟ್ರು, ಊರಾಗ ಇನ್ನಾ ಆರು ಮಂದಿಗೆ ಬಂದಿತ್ತು. ಅವರಿಗೇನು ಹನಿ ಹಾಕಿದ್ದಿಲ್ಲ. ನನಗದು ಗೊತ್ತೈತಿ. ಗೊತ್ತಿದ್ರೂ ಕೈ ಮುಂದ ಬರಂಗಿಲ್ಲ. ಇವಗ ಹುಟ್ಟಿದಾಗ ದವಾಖಾನಿಯವರು ಹಾಕಿದ್ದ ಒಂದ. ಉಳದದ್ದೆಲ್ಲಾ ಹಾಕ್ಸೀನಿ ಅಂತ ಅತ್ತೀಗೆ ಹೇಳಿದ್ದಷ್ಟ."

ದುಂಡವ್ವ ಎದ್ದು ಒಳಗೆ ಹೋಗಿ ನೀರಿನ ಚಂಬು ತಂದು ಸೊಸೆಯ ಮುಂದೆ ಇಟ್ಟಳು, ಮತ್ತೆ ಮೊರ ಎತ್ತಿಕೊಂಡಳು. ರಾಜಶ್ರೀಗೆ ಹಗುರವಾಗಬೇಕಿತ್ತು. ಮೋಸ ತನ್ನೊಬ್ಬಳದೇ ಅಲ್ಲ, ಮಗುವಿನ ರೆಪ್ಪೆಯೂ ಅದರಲ್ಲಿ ಪಾಲುದಾರ. ಆದರೆ ಮಲಗದ ಮಗುವಿನ ನಿದ್ದೆಗೆ ತಾನು ತೋರಿದ ಕರುಣೆ ಯಾವ ಬಾಬತ್ತಿನದು? ಅವಳು ಎರಡು ತಿಂಗಳು ಹಿಡಿದುಕೊಂಡಿದ್ದ ಆ ಒಂದು ಒಳ್ಳೆಯ ಎಳೆಯೂ ಕೈಯಿಂದ ಜಾರಿತ್ತು. ಉಳಿದದ್ದು ಎಕ್ಸಿನ ಹೆದರಿಕೆ ಮಾತ್ರ. ವಿಚಿತ್ರವೆಂದರೆ, ಅದೊಂದೇ ಉಳಿದಾಗ ಅದು ಅಷ್ಟು ದೊಡ್ಡದಾಗಿ ಕಾಣಲಿಲ್ಲ.

"ನಾಳಿಗೆ ಹನಿ ತರತೀನಿ. ಹಾಕಸ್ತೀಯೇನ?"

ಮುರಿಗೆವ್ವ ರೊಟ್ಟಿಯ ಚೂರುಗಳನ್ನು ಬಟ್ಟೆಯಲ್ಲಿ ಕಟ್ಟಿಟ್ಟಳು. "ತರ್ರಿ," ಎಂದಳು. "ನಾ ಅವನ ಕೈಕಾಲು ಹಿಡಕೋತೀನಿ. ನನ್ನ ಮಾರಿ ಮಾತ್ರ ಆ ಕಡೆ ತಿರಗಸ್ತೀನಿ."

ಆ ಹೊತ್ತಿಗೆ ಮರಳಿನ ಗುಡ್ಡೆಯ ಮೇಲಿನಿಂದ ನಿಂಗರಾಜ ಕೂಗಿದ. "ಯವ್ವಾ, ಬಂತು." ಮೂವರು ಹೆಂಗಸರೂ ಒಟ್ಟಿಗೇ ಎದ್ದು ಪೇಪರು, ನೀರು, ಡಬ್ಬಿ ಹಿಡಿದು ಓಡಿದರು. ಹೆಬ್ಬೆರಳಿನಷ್ಟು ಸಾಕು. ರಾಜಶ್ರೀ ಕಡ್ಡಿಯಲ್ಲಿ ತೆಗೆದು, ಮುಚ್ಚಳ ತಿರುಪಿ, ಟೇಪು ಸುತ್ತಿ, ಐಸಿನ ನಡುವೆ ಇಟ್ಟಳು. ಫಾರಮ್ಮಿನ ಚೌಕದಲ್ಲಿ ಒಂದು ಎಂದು ಬರೆದಳು. ಕೆಳಗೆ ಷರಾ ಎಂಬಲ್ಲಿ: ಜನವರಿ ಸುತ್ತಿನಲ್ಲಿ ಬೆರಳಿಗೆ ಗುರುತು ಹಾಕಲಾಗಿದೆ, ಹನಿ ಹಾಕಿಲ್ಲ, ಗುರುತು ಹಾಕಿದವರು ರಾಜಶ್ರೀ. ತನ್ನ ಹೆಸರು ಬರೆಯುವಾಗ ಅಕ್ಷರ ದುಂಡಗೆ ಬಂತು.

ಕರಿಬಸವಯ್ಯ ಮರುದಿನ ಬೆಳಿಗ್ಗೆ ಅದನ್ನು ಎರಡು ಸಲ ಓದಿದರು. "ಏನ್ರೀ ಇದು? ಯಾರ್ರೀ ಕೇಳಿದ್ರು ನಿಮ್ಮನ್ನ? ಅಜ್ಜಿ ನಾಲ್ಕು ಅಂದ್ಮೇಲೆ ನಾಲ್ಕು ಅಂತ ಹಾಕಿದ್ರೆ ಮುಗೀತಿತ್ತು." ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕನ್ನಡಕವಿಲ್ಲದ ಅವರ ಕಣ್ಣುಗಳು ಸಣ್ಣವು, ಒದ್ದೆಯಾದವು. ಅವಳು ಅವನ್ನು ನೋಡಿಯೇ ಇರಲಿಲ್ಲ. "ನಾನೂ ಇಪ್ಪತ್ತು ವರ್ಷ ಫೀಲ್ಡಲ್ಲಿ ಇದ್ದವನು," ಎಂದರು ಸಣ್ಣ ದನಿಯಲ್ಲಿ, ಮತ್ತೆ ಕನ್ನಡಕ ಹಾಕಿಕೊಂಡರು. "ಎಕ್ಸ್‌ಪ್ಲನೇಷನ್ ಬರ್ಕೊಡಿ. ಇವತ್ತು ಆಫೀಸ್ ಬಿಟ್ಟು ಎಲ್ಲೂ ಹೋಗೋ ಹಾಗಿಲ್ಲ." ಹನಿ ಹಾಕಬೇಕು ಎಂದು ಅವಳು ಹೇಳಿದಳು. ನಾಳೆ ಇಡೀ ಟೀಮೇ ಹೋಗುತ್ತೆ ಎಂದರು. ಟೀಮು ಹೋಯಿತು. ಆದರೆ ಆರೋಗ್ಯ ಇಲಾಖೆಯ ಜೀಪು ದಿನಾ ಬಂದರೆ ಕೆಲಸ ನಿಂತೀತು ಎಂದು ಮೇಸ್ತ್ರಿ ಹಿಂದಿನ ಸಂಜೆಯೇ ಮಕ್ಕಳಿದ್ದ ಹತ್ತು ಸಂಸಾರಗಳನ್ನು ಲಾರಿಗೆ ಹತ್ತಿಸಿ ಬೇರೆ ಸೈಟಿಗೆ ಕಳಿಸಿದ್ದ. ಯಾವ ಸೈಟು ಎಂದರೆ ನಮಗೇನು ಗೊತ್ತು ಸಾರ್ ಎಂದ. ಗೋಣಿಚೀಲ ಇನ್ನೂ ಕೋಲುಗಳ ಮೇಲೆ ತೂಗುತ್ತಿತ್ತು.

ಮೇ ತಿಂಗಳಲ್ಲಿ ವರದಿ ಬಂತು. ಡಾಕ್ಟರ್ ಶಿವಕಿರಣ್ ಅವಳನ್ನು ಒಳಗೆ ಕರೆದು ಬಾಗಿಲು ಮುಚ್ಚಿದರು. ಎದುರು ಸಾಲಿನ ಮಗುವಿಗೆ ಇದ್ದದ್ದು ಅದೇ, ಬಿಹಾರದಿಂದ ಬಂದದ್ದೇ. ಐದು ಡಬ್ಬಿಗಳಲ್ಲಿ ಒಂದರಲ್ಲಿ ಮಾತ್ರ ಅದು ಸಿಕ್ಕಿತ್ತು. ಅವರು ನಿಂಗರಾಜ ಎಂದು ಓದುವವರೆಗೆ ಅವಳು ಕಿಟಕಿಯಾಚೆ ನೋಡುತ್ತ ನಿಂತಿದ್ದಳು. "ಇನ್ನೂರು ಮಕ್ಕಳಲ್ಲಿ ಒಬ್ಬರಿಗೆ ಕಾಲು ಹೋಗುತ್ತೆ ಸಿಸ್ಟರ್. ಉಳಿದವರಿಗೆ ಬಂದಿದ್ದೂ ಗೊತ್ತಾಗಲ್ಲ, ಹೋಗಿದ್ದೂ ಗೊತ್ತಾಗಲ್ಲ."

"ನಾನು ಅವತ್ತು ಹಾಕಿದ್ದಿದ್ರೆ?"

ಅವರು ಪೆನ್ನಿನ ಕ್ಯಾಪು ತೆಗೆದರು, ಹಾಕಿದರು. "ಹೇಳಕ್ಕಾಗಲ್ಲ. ಹಾಕಿದ್ರೂ ಬರಬಹುದಿತ್ತು. ಬರದೇನೂ ಇರಬಹುದಿತ್ತು. ಈಗ ಅವನು ಸಿಗ್ಬೇಕು, ಅಷ್ಟೇ."

ಅವಳಿಗೆ ಒಂದು ವರ್ಷದ ಸಂಬಳದ ಬಡ್ತಿ ತಡೆದರು. ಅದು ಯಾವಾಗ ಆದೇಶವಾಯಿತು ಎಂಬುದೂ ಆಮೇಲೆ ಸರಿಯಾಗಿ ನೆನಪಿರಲಿಲ್ಲ. ನೆನಪಿದ್ದದ್ದು ಆ ಬೇಸಿಗೆಯ ಭಾನುವಾರಗಳು. ಡಾಕ್ಟರ ಒಪ್ಪಿಗೆಯಿಂದ ಹನಿಯ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು, ಬಸ್ಸು ಹತ್ತಿ ಇಳಿದು, ಅರಕೆರೆ, ಹುಳಿಮಾವು, ಜೆಪಿ ನಗರದ ಎಂಟನೇ ಹಂತ, ಎಲ್ಲಿ ಕಂಬಿ ತಲೆಯೆತ್ತಿದೆಯೋ ಅಲ್ಲಿ. ಮಣ್ಣಿನ ರಸ್ತೆಗಳು ಮನೆಗಳು ಬರುವ ಮೊದಲೇ ಒಂದನೇ ಕ್ರಾಸು, ಎರಡನೇ ಕ್ರಾಸು ಎಂದು ಹೆಸರಿಟ್ಟುಕೊಂಡು ಮಲಗಿದ್ದವು. ಬಿಸಿಲಿನಲ್ಲಿ ದೂರದ ಶೆಡ್ಡುಗಳು ನೀರಿನ ಮೇಲೆ ತೇಲುವಂತೆ ಕಾಣುತ್ತಿದ್ದವು, ಹತ್ತಿರ ಹೋದರೆ ಬೇರೆ ಯಾರದೋ ಮಕ್ಕಳು. ಮೊದಮೊದಲು, ರಾಯಚೂರ್ ಕಡೆಯೋರು ಇದೀರಾ ಎಂದು ಕೇಳುತ್ತಿದ್ದಳು, ಜನ ತಲೆಯಾಡಿಸಿ ಒಳಗೆ ಹೋಗುತ್ತಿದ್ದರು. ಒಂದು ದಿನ, ಮಸ್ಕಿ ಕಡಿಯವರು ಯಾರರ ಅದೀರೇನ್ರಿ, ನಾನೂ ಆ ಕಡಿಯಾಕಿ, ಮರೆಪ್ಪನ ಮನಿ ಹುಡಕಾಕತ್ತೀನಿ ಎಂದಳು. ಒಬ್ಬ ಮುದುಕ ಬೀಡಿ ಆರಿಸಿ, ಮರೆಪ್ಪನ ಸಂಸಾರ ಬೇಗೂರಿನಾಗೈತಿ ನೋಡವ್ವ, ಗುಡಿ ಹಿಂದ, ಕೆರಿ ದಂಡಿಗೆ ಎಂದ.

ಜೂನ್ ಮೊದಲ ವಾರ. ನಾಗೇಶ್ವರನ ಗುಡಿಯನ್ನು ದಾಟಿ ಕೆರೆಯ ಏರಿಯ ಮೇಲೆ ನಡೆಯುವಾಗ ಮೋಡ ಕವಿದು ನೆಲಕ್ಕೆಲ್ಲ ಒಂದು ಮೆದುವಾದ ಬಣ್ಣ ಬಂದಿತ್ತು. ಏರಿಯ ಕೆಳಗೆ ಶಾಲೆಯ ಕಾಂಪೌಂಡು ಕಟ್ಟುತ್ತಿದ್ದರು. ಮುರಿಗೆವ್ವ ಅವಳನ್ನು ಮೊದಲು ಕಂಡಳು. ತಲೆಯ ಮೇಲಿನ ಇಟ್ಟಿಗೆಗಳನ್ನು ಇಳಿಸಿ, ಇಲ್ಲಿಯೇ ಎನ್ನುವಂತೆ ಕೈಯೆತ್ತಿದಳು. ಅವಳ ಮುಖದಿಂದ ಏನೂ ತಿಳಿಯಲಿಲ್ಲ. ಕೆರೆಯ ಅಂಚಿನಲ್ಲಿ ನಾಲ್ಕೈದು ಮಕ್ಕಳು ಬೆನ್ನು ಹಾಕಿ ಕುಕ್ಕರುಗಾಲಿನಲ್ಲಿ ಕೂತು ನೀರಿಗೆ ಕಲ್ಲೆಸೆಯುತ್ತಿದ್ದರು. ಎಲ್ಲ ಬೆನ್ನುಗಳೂ ಒಂದೇ ತರ, ಕಾಲುಗಳು ಮಡಿಚಿಕೊಂಡು ಅಂಗಿಯೊಳಗೆ ಅಡಗಿದ್ದವು. ರಾಜಶ್ರೀ ನಿಂತಳು. ಇಷ್ಟು ದೂರ ಬಂದವಳಿಗೆ ಇನ್ನು ಹತ್ತು ಹೆಜ್ಜೆ ಇಡುವುದು ಆಗಲಿಲ್ಲ.

"ನಿಂಗ್ಯಾ," ಎಂದು ಮುರಿಗೆವ್ವ ಕೂಗಿದಳು. "ಎದ್ದು ಬಾ ಇಲ್ಲಿ."

ಒಂದು ತಲೆ ತಿರುಗಿತು. ಅವನು ತಾಯಿಯನ್ನು ನೋಡಿದ, ನೀಲಿ ಅಂಚಿನ ಸೀರೆಯನ್ನು ನೋಡಿದ, ಹೆಗಲಿನ ಪೆಟ್ಟಿಗೆಯನ್ನು ನೋಡಿದ. ಎರಡು ಕೈಯನ್ನೂ ನೆಲಕ್ಕೆ ಊರಿ ಎದ್ದ. ಎದ್ದವನೇ ಏರಿಯ ಗುಂಟ ಓಟ ಕಿತ್ತ.

"ಹಿಡೀರಿ ಅಕ್ಕಾರ, ಬಿಡಬ್ಯಾಡ್ರಿ, ಹಿಡೀರಿ ಅವನ್ನ," ಎಂದು ಮುರಿಗೆವ್ವ ಹಿಂದಿನಿಂದ ಕೂಗುತ್ತ ತಾನೂ ಓಡಿ ಬರುತ್ತಿದ್ದಳು. ರಾಜಶ್ರೀ ಸೆರಗು ಸೊಂಟಕ್ಕೆ ಸಿಕ್ಕಿಸಿ, ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡು ಓಡಿದಳು. ಒಳಗೆ ಐಸು ಕಲಕಲ ಎನ್ನುತ್ತಿತ್ತು. ಮುಂದೆ ಅವನ ಕೆಂಪು ಮಣ್ಣಿನ ಅಂಗಾಲುಗಳು, ಒಂದಾದ ಮೇಲೊಂದು, ಎಡ, ಬಲ, ಎಡ, ಬಲ, ಒಂದೇ ತೂಕದಲ್ಲಿ ನೆಲವನ್ನು ಬಡಿದು ಏಳುತ್ತಿದ್ದವು. ಇನ್ನೊಂದು ಮಾರು ಕೈಚಾಚಿದರೆ ಸಿಗುತ್ತಿದ್ದ. ಅವಳು ಕೈ ಚಾಚಲಿಲ್ಲ. ಏರಿಯ ತುದಿಯ ಆ ಮರದವರೆಗಾದರೂ ಹೀಗೇ ಓಡಲಿ ಎಂದುಕೊಂಡು, ಉಸಿರು ಸಿಕ್ಕಿಕೊಂಡರೂ, ಅವನ ಹಿಂದೆಯೇ ಓಡುತ್ತಿದ್ದಳು.